ರತ್ನಗಂಬಳಿಯ ಬಣ್ಣ ಮತ್ತು ‘ಸಸ್ಯವರ್ಣ’ವೆಂಬ ಮಾನದಂಡ

೧

ರತ್ನಗಂಬಳಿಗಳ ವಿಷಯವಾಗಿ ಕಳೆದ ಒಂದು ಶತಮಾನದಲ್ಲಿ ಬಂದಿರುವ ಬರವಣಿಗೆಯನ್ನು ನೋಡಿದವರಿಗೆ ಒಂದು ಮಾತು ಪರಿಚಿತವಾಗಿರುತ್ತದೆ. ಬೇರು, ಎಲೆ, ಹೂ, ತೊಗಟೆ, ಕಾಯಿಸಿಪ್ಪೆಗಳಿಂದ ತೆಗೆದ ಬಣ್ಣದಲ್ಲಿ ಅದ್ದಿದ ನೂಲಿನಿಂದ ನೆಯ್ದ ಕಂಬಳಿಯು ಸುಂದರವಾದುದು; ಕಾರ್ಖಾನೆಯಲ್ಲಿ ತಯಾರಾದ ಬಣ್ಣದ ನೂಲಿನಿಂದ ನೆಯ್ದುದು ಎಂದಿಗೂ ಅದಕ್ಕೆ ಸಾಟಿಯಾಗಲಾರದು ಎಂಬುದೇ ಆ ಮಾತು. ವರ್ತಕರ ಬೆಲೆಪಟ್ಟಿಯಲ್ಲಿ ಇದು ಜಾಹೀರಾತಾಗಿ ಬರುತ್ತದೆ; ವಸ್ತುಸಂಗ್ರಹಾಲಯಗಳ ವಿವರಣೆಯಲ್ಲಿ ಮಾಹಿತಿಯಾಗಿ ಬರುತ್ತದೆ; ವಿದ್ವಾಂಸರ ಗ್ರಂಥಗಳಲ್ಲಿ ಸಿದ್ಧಾಂತವಾಗಿ ಬರುತ್ತದೆ. ‘ಸಸ್ಯವರ್ಣ’ ಎಂಬುದು ಮೂಲತಃ ನೂಲಿಗೆ ಯಾವ ದ್ರವ್ಯವನ್ನು ಬಳಸಿದರೆಂಬ ಸಂಗತಿಯನ್ನು ತಿಳಿಸುವ ಪದ. ಅದು ಕಲಾಕೃತಿಯ ಗುಣವನ್ನು ನಿರ್ಣಯಿಸುವ ಪದವಾದುದು ಹೇಗೆ? ಹಾಗಾದುದು ಯುಕ್ತವೇ? ಈ ಎರಡು ಪ್ರಶ್ನೆಗಳ ಪರಿಶೀಲನೆಯೇ ಈ ಲೇಖನದ ಉದ್ದೇಶ.

ಸಸ್ಯವರ್ಣಗಳನ್ನು ಹೀಗಳೆಯುವ ಇಚ್ಛೆ ಇಲ್ಲಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಜಗತ್ತಿನ ಶ್ರೇಷ್ಠ ರತ್ನಗಂಬಳಿಗಳಲ್ಲಿ ಬಹುಪಾಲು ಅವುಗಳಿಂದಲೇ ಆದವು. ಆದರೆ ಕಂಬಳಿಯ ಸೌಂದರ್ಯಕ್ಕೆ ಗಿಡವೇ ಕಾರಣವೆಂದು ಒಪ್ಪಿದರೆ ಬಣ್ಣಗಾರನ ವಿವೇಚನೆಗೂ ನೇಯುವವಳ ಆಯ್ಕೆಗೂ ಉಳಿಯುವ ಸ್ಥಾನ ಯಾವುದು? ಕೃತಿಯ ಗುಣವನ್ನು ಕರ್ತೃವಿನಿಂದ ಕಸಿದು ದ್ರವ್ಯಕ್ಕೆ ಕೊಡುವ ವಿಮರ್ಶೆಯು ಯಾವ ಕಲೆಯಲ್ಲಿಯೂ ಪರಿಶೀಲನೆಗೆ ಯೋಗ್ಯವಾದುದು. ಸಾಹಿತ್ಯವನ್ನು ಓದುವ ಮತ್ತು ಓದಿಸುವ ನಮಗೂ ಅದರಿಂದ ಕಲಿಯುವುದು ಉಂಟು.

೨

ಸಸ್ಯವರ್ಣ ಎಂಬ ವರ್ಗವು ಪ್ರಾಚೀನವಾದುದಲ್ಲ. ೧೮೫೬ಕ್ಕೆ ಮೊದಲು ಈ ಹೆಸರಿನಿಂದ ಯಾರೂ ಹೆಮ್ಮೆ ಪಡುವ ಸಂದರ್ಭವಿರಲಿಲ್ಲ. ಏಕೆಂದರೆ ಅದಕ್ಕೆ ಪ್ರತಿಯಾದುದು ಯಾವುದೂ ಇರಲಿಲ್ಲ. ಆ ವರ್ಷ ಹದಿನೆಂಟರ ಹರೆಯದ ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ವಿದ್ಯಾರ್ಥಿಯು ಕ್ವಿನೈನನ್ನು ತಯಾರಿಸಲು ಹೊರಟು, ಕಲ್ಲಿದ್ದಲ ಟಾರಿನಿಂದ ಬರುವ ಅನಿಲೀನಿನಿಂದ ಒಂದು ನೇರಿಳೆ ಬಣ್ಣವನ್ನು ಪಡೆದನು. ಎರಡು ಮೂರು ವರ್ಷಗಳಲ್ಲಿ ಫುಕ್ಸಿನ್ ಎಂಬ ಕೆನ್ನೇರಿಳೆ ಬಂದಿತು. ೧೮೬೮ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಜರ್ಮನ್ ರಸಾಯನಜ್ಞರು ಮಂಜಿಷ್ಠದ ಜಾತಿಯ ಬೇರಿನಲ್ಲಿರುವ ಅಲಿಝರಿನ್ ಎಂಬ ಕೆಂಪು ದ್ರವ್ಯವನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಿದರು. ೧೮೯೭ರಿಂದ ಕಾರ್ಖಾನೆಯ ನೀಲಿಯು ಮಾರುಕಟ್ಟೆಗೆ ಬಂದಿತು. ಫ್ರಾನ್ಸಿನಲ್ಲಿಯೂ ತುರ್ಕಿಯಲ್ಲಿಯೂ ಆ ಬೇರಿನ ಬೇಸಾಯ ಅಲ್ಪಕಾಲದಲ್ಲಿಯೇ ಕುಸಿಯಿತು. ನಮ್ಮ ದೇಶದ ನೀಲಿಯ ವ್ಯಾಪಾರಕ್ಕೆ ಆದ ಗತಿ ಎಲ್ಲರಿಗೂ ತಿಳಿದುದೇ.

ಹೊಸ ಬಣ್ಣಗಳನ್ನು ಕುರಿತ ಮೊದಲ ಆಕ್ಷೇಪಣೆಯು ಸೌಂದರ್ಯದ ಆಕ್ಷೇಪಣೆ ಎನ್ನುವುದಕ್ಕಿಂತ ಹೆಚ್ಚಾಗಿ ಬಾಳಿಕೆಯದಾಗಿತ್ತು. ಅದರಲ್ಲಿ ಸತ್ಯವೂ ಇತ್ತು. ಮೊದಲ ತಲೆಮಾರಿನ ಅನಿಲೀನ್ ಬಣ್ಣಗಳು ಬಿಸಿಲಿಗೆ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಅನಾತೋಲಿಯದ ಕಂಬಳಿಗಳಲ್ಲಿ ಫುಕ್ಸಿನ್ ಬಳಸಿದ ಕಡೆ ಮೇಲ್ಭಾಗವು ಬೂದುಬಣ್ಣಕ್ಕೆ ತಿರುಗಿರುತ್ತದೆ. ಉಣ್ಣೆಯ ಕುಚ್ಚನ್ನು ಬಿಡಿಸಿ ನೋಡಿದರೆ ಗಂಟಿನ ಬುಡದಲ್ಲಿ ಹಳೆಯ ಕೆನ್ನೇರಿಳೆ ಹಾಗೆಯೇ ಉಳಿದಿರುವುದು ಕಾಣುತ್ತದೆ. ಕೆಲವು ಕೆಂಪುಗಳು ನೀರು ಸೋಕಿದೊಡನೆ ಪಕ್ಕದ ಬಿಳುಪಿಗೆ ಹರಡುತ್ತಿದ್ದುವು. ಪರ್ಷಿಯದ ಸರಕಾರವು ಅನಿಲೀನ್ ಬಣ್ಣಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಬೇಕಾದುದು ಈ ಕಾರಣದಿಂದಲೇ.

ಇಂಗ್ಲೆಂಡಿನಲ್ಲಿ ಈ ಆಕ್ಷೇಪಣೆಗೆ ತಾತ್ತ್ವಿಕ ರೂಪ ಕೊಟ್ಟವನು ವಿಲಿಯಂ ಮಾರಿಸ್. ಅವನು ಕೇವಲ ಬರಹಗಾರನಲ್ಲ. ೧೮೭೫ರಿಂದ ಸ್ಟಾಫರ್ಡ್‌ಷೈರಿನ ಲೀಕ್ ಎಂಬ ಊರಿನಲ್ಲಿ ಥಾಮಸ್ ವಾರ್ಡಲನ ಬಣ್ಣದ ಮನೆಯಲ್ಲಿ ಸ್ವತಃ ಕೈ ನೀಲಿಮಾಡಿಕೊಂಡು ದುಡಿದವನು. ೧೮೮೯ರಲ್ಲಿ ಬಣ್ಣಗಟ್ಟುವುದನ್ನು ಕಲೆಯಾಗಿ ಪರಿಗಣಿಸಿ ಬರೆದ ಪ್ರಬಂಧದಲ್ಲಿ, ಟಾರಿನ ಬಣ್ಣಗಳು ಬಂಡವಾಳಗಾರನಿಗೆ ಉಪಕಾರ ಮಾಡಿ ಕಲೆಗೆ ಅಪಕಾರ ಮಾಡಿದುವೆಂದು ಅವನು ವಾದಿಸಿದನು. ಅವನ ವಾದದಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ: ಹೊಸ ಬಣ್ಣ ಬಾಳುವುದಿಲ್ಲ, ಅದು ಕಣ್ಣಿಗೆ ಒರಟು, ಅದು ಬಣ್ಣಗಾರನನ್ನು ಬುದ್ಧಿಯುಳ್ಳ ಕುಶಲಿಯ ಸ್ಥಾನದಿಂದ ಪುಡಿಯನ್ನು ತೂಗುವ ಕೂಲಿಯ ಸ್ಥಾನಕ್ಕೆ ಇಳಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಮೊದಲ ಎಳೆ ಕಡಿದುಹೋಯಿತು. ಕ್ರೋಮಿಯಂ ಲವಣಗಳೊಡನೆ ಉಣ್ಣೆಯನ್ನು ಸೇರುವ ಬಣ್ಣಗಳು ಬಿಸಿಲಿಗೂ ನೀರಿಗೂ ಚೆನ್ನಾಗಿ ನಿಲ್ಲತೊಡಗಿದುವು. ಅನೇಕ ಸಸ್ಯವರ್ಣಗಳಿಗಿಂತ ಚೆನ್ನಾಗಿಯೇ ನಿಂತುವು. ಹೀಗಿದ್ದರೂ ತೀರ್ಪು ಮಾತ್ರ ಬದಲಾಗಲಿಲ್ಲ. ಬಾಳಿಕೆಯ ಆಧಾರ ಕುಸಿದಾಗ ಅದೇ ತೀರ್ಪನ್ನು ಸಾಮರಸ್ಯದ ಆಧಾರದ ಮೇಲೆ ನಿಲ್ಲಿಸಲಾಯಿತು. ವಿಮರ್ಶೆಯ ಇತಿಹಾಸದಲ್ಲಿ ಇಂತಹ ಸ್ಥಾನಪಲ್ಲಟಗಳನ್ನು ಎಚ್ಚರದಿಂದ ಗಮನಿಸಬೇಕು. ಕಾರಣವು ಹೋದ ಮೇಲೂ ತೀರ್ಪು ಉಳಿಯುವುದಾದರೆ ಆ ತೀರ್ಪು ಕಾರಣದಿಂದ ಹುಟ್ಟಿದುದಲ್ಲವೆಂದು ಶಂಕಿಸುವುದಕ್ಕೆ ಎಡೆಯಿದೆ.

೩

ಈ ಸಾಮರಸ್ಯವಾದಕ್ಕೆ ಅತ್ಯಂತ ಬಲವಾದ ರೂಪ ದೊರೆತುದು ತುರ್ಕಿಯಲ್ಲಿ. ಹೆರಾಲ್ಡ್ ಬೋಮರ್ ಎಂಬ ಜರ್ಮನ್ ರಸಾಯನಶಾಸ್ತ್ರದ ಅಧ್ಯಾಪಕನು ೧೯೬೦ರಲ್ಲಿ ಇಸ್ತಾಂಬುಲಿಗೆ ಬಂದನು. ಹಳೆಯ ಕಂಬಳಿಗಳ ನೂಲಿನಲ್ಲಿರುವ ಬಣ್ಣದ್ರವ್ಯಗಳನ್ನು ವರ್ಣಲೇಖನ ವಿಧಾನದಿಂದ ಬೇರ್ಪಡಿಸಿ, ಅನಾತೋಲಿಯದ ಹೊಲಗಾಡುಗಳಲ್ಲಿ ಬೆಳೆಯುವ ಗಿಡಗಳ ದ್ರವ್ಯಗಳೊಡನೆ ಹೋಲಿಸಿ, ಯಾವ ಬಣ್ಣ ಯಾವ ಗಿಡದ್ದೆಂಬುದನ್ನು ಅವನು ಗುರುತಿಸಿದನು. ಇದರ ಫಲವಾಗಿ ೧೯೮೧ರಲ್ಲಿ ಮರ್ಮರ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಸಹಜವರ್ಣಗಳ ಸಂಶೋಧನೆ ಮತ್ತು ಅಭಿವೃದ್ಧಿಯ ಯೋಜನೆ ಎಂದು ಅರ್ಥ ಬರುವ ತುರ್ಕಿ ಹೆಸರಿನ ಮೊದಲಕ್ಷರಗಳಿಂದ ‘ದೋಬಾಗ್’ ಎಂದು ಪ್ರಸಿದ್ಧವಾದ ಕಾರ್ಯವು ಆಯ್ವಾಜಿಕ್ ಸುತ್ತಿನ ಹಳ್ಳಿಗಳಲ್ಲಿ ಪ್ರಾರಂಭವಾಯಿತು. ತರುವಾಯ ಮನಿಸಾ ಪ್ರಾಂತದ ಯುಂತ್‌ದಾಗ್ ಬೆಟ್ಟಸೀಮೆಗೂ ಹಬ್ಬಿತು. ಆ ಹಳ್ಳಿಗಳಲ್ಲಿ ನೇಯುವ ವಿದ್ಯೆ ಜೀವಂತವಾಗಿತ್ತು. ಗಿಡದಿಂದ ಬಣ್ಣ ತೆಗೆಯುವ ವಿದ್ಯೆ ಬಹುಮಟ್ಟಿಗೆ ಮರೆತುಹೋಗಿತ್ತು. ಮರೆತುದನ್ನು ಪ್ರಯೋಗಶಾಲೆಯು ಹಳ್ಳಿಗೆ ಮರಳಿಸಿತು. ಯುಂತ್‌ದಾಗಿನಲ್ಲಿ ನೇಯುವ ಸ್ತ್ರೀಯರೇ ಸಹಕಾರ ಸಂಘವನ್ನು ಕಟ್ಟಿಕೊಂಡರು.

ಅಲ್ಲಿ ಬಳಸಿದ ದ್ರವ್ಯಗಳು ಕೆಲವೇ. ಕೆಂಪಿಗೆ ‘ಕೋಕ್‌ಬೋಯಾ’, ಎಂದರೆ ಬೇರುಬಣ್ಣ. ಇದು ನಮ್ಮ ಮಂಜಿಷ್ಠದ ಹತ್ತಿರದ ಬಂಧು. ನೀಲಿಗೆ ನೀಲಿ. ಹಳದಿಗೆ ಇಂಗ್ಲಿಷರು ವೆಲ್ಡ್ ಎನ್ನುವ ಗಿಡ, ಸೇವಂತಿಗೆಯ ಕುಟುಂಬಕ್ಕೆ ಸೇರಿದ ಒಂದು ಕಾಡುಹೂ. ಕಂದಿಗೆ ಅಕ್ರೋಟಿನ ಹಸಿಯ ಸಿಪ್ಪೆ. ಕಪ್ಪಿಗೆ ಓಕ್ ಮರದ ಕಾಯಿಬಟ್ಟಲಿನ ಚೊಗರು ಮತ್ತು ಕಬ್ಬಿಣ. ಈ ನಾಲ್ಕಾರು ದ್ರವ್ಯಗಳಿಂದ ಹತ್ತಾರು ಬಣ್ಣಗಳು ಹೊರಡುವುದು ಹೇಗೆಂಬುದನ್ನು ತಿಳಿದಲ್ಲದೆ ಅವುಗಳನ್ನು ಕುರಿತ ಸಿದ್ಧಾಂತವನ್ನು ಪರೀಕ್ಷಿಸಲಾಗದು.

ಕೆಂಪನ್ನೇ ನೋಡೋಣ. ಆ ಗಿಡವು ಮೂರು ವರ್ಷವಾದರೂ ಬೆಳೆದ ಮೇಲೆ ಬೇರನ್ನು ಅಗೆದು ಒಣಗಿಸಿ ಪುಡಿಮಾಡುತ್ತಾರೆ. ಉಣ್ಣೆಯ ನೂಲನ್ನು ಮೊದಲು ಪಟಿಕದ ನೀರಿನಲ್ಲಿ ಕಾಯಿಸಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕಡೆ ಉಣ್ಣೆಯನ್ನೂ ಮತ್ತೊಂದು ಕಡೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ; ಇಂತಹ ದ್ರವ್ಯವನ್ನು ವರ್ಣಬಂಧಕವೆಂದು ಕರೆಯಬಹುದು. ಪಟಿಕದೊಡನೆ ಕೆಂಪು ಕೊಡುವ ಬೇರು ಕಬ್ಬಿಣದೊಡನೆ ಮಂಕಾದ ನೇರಿಳೆಗಂದನ್ನು ಕೊಡುತ್ತದೆ. ನೀರಿನಲ್ಲಿ ಸುಣ್ಣದ ಅಂಶವಿದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಹಂಡೆಯು ಕುದಿಯಲು ಬಿಟ್ಟರೆ ಬೇರಿನಲ್ಲಿರುವ ಕಂದು ದ್ರವ್ಯಗಳು ಹೊರಟು ಕೆಂಪು ಕೆಡುತ್ತದೆ. ಆದುದರಿಂದ ಕುದಿಗಿಂತ ಸಾಕಷ್ಟು ಕೆಳಗಿನ ಶಾಖದಲ್ಲಿಯೇ ಹಿಡಿದಿರಬೇಕು. ಮೊದಲ ಅದ್ದಿಗೆಯ ನೂಲು ಗಾಢವಾದ ಇಟ್ಟಿಗೆಗೆಂಪಾದರೆ ಅದೇ ನೀರಿನಲ್ಲಿ ಅದ್ದಿದ ಎರಡನೆಯ ಮೂರನೆಯ ನೂಲುಗಳು ಕಿತ್ತಳೆಯ ಕಡೆಗೆ, ತೆಳುಗೆಂಪಿನ ಕಡೆಗೆ ಸರಿಯುತ್ತವೆ.

ನೀಲಿಯ ರೀತಿ ಬೇರೆ. ಅದು ನೀರಿನಲ್ಲಿ ಕರಗದು. ಅದಕ್ಕೆ ವರ್ಣಬಂಧಕವೂ ಬೇಡ. ಬಾನಿಯಲ್ಲಿ ಕ್ಷಾರವನ್ನು ಸೇರಿಸಿ ಹುದುಗು ಬರಿಸಿದಾಗಲೋ ಅದಕ್ಕೆ ಸಮನಾದ ರಾಸಾಯನಿಕ ಕ್ರಿಯೆಯಿಂದಲೋ ಅದು ಹಳದಿಹಸುರಾಗಿ ಕರಗುತ್ತದೆ. ಅದ್ದಿದ ನೂಲನ್ನು ಮೇಲೆತ್ತಿದಾಗ ಗಾಳಿ ಸೋಕಿ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಎಷ್ಟು ಸಲ ಅದ್ದಬೇಕು, ಎಷ್ಟು ಹೊತ್ತು ಗಾಳಿಗೆ ಬಿಡಬೇಕು ಎಂಬುದನ್ನು ಬಣ್ಣಗಾರನು ನಿರ್ಧರಿಸಬೇಕು. ಹಸುರು ಬೇಕಾದರೆ ಹಳದಿ ಮತ್ತು ನೀಲಿ ಎರಡರಲ್ಲಿಯೂ ಅದ್ದಬೇಕು. ಯಾವುದು ಎಷ್ಟೆಂಬುದರ ಮೇಲೆ ಹಸುರಿನ ಗುಣ ನಿಂತಿದೆ.

ಇಷ್ಟು ವಿವರದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗಿಡವು ಬಣ್ಣವನ್ನು ಕೊಡುವುದಿಲ್ಲ. ಬಣ್ಣದ ಸಾಧ್ಯತೆಗಳನ್ನು ಕೊಡುತ್ತದೆ. ಒಂದೇ ಬೇರಿನಿಂದ ಉಜ್ಜ್ವಲವಾದ ಕೆಂಪೂ ಹೊರಡಬಹುದು, ಕೊಳೆತ ಕಂದೂ ಹೊರಡಬಹುದು. ಶಾಖ, ನೀರು, ಪಟಿಕದ ಪ್ರಮಾಣ, ಕಾಲ ಇವೆಲ್ಲವೂ ಒಬ್ಬ ಮನುಷ್ಯನ ತಿಳಿವಳಿಕೆಗೆ ಅಧೀನ. ಮಾರಿಸನ ಮೂರನೆಯ ಎಳೆ, ಎಂದರೆ ಬಣ್ಣಗಾರನ ಬುದ್ಧಿಯನ್ನು ಕುರಿತ ವಾದ, ಇಂದಿಗೂ ಕಡಿಯದೆ ಉಳಿದಿರುವುದು ಇದರಿಂದಲೇ. ವಿಚಿತ್ರವೆಂದರೆ ಸಸ್ಯವರ್ಣದ ಅಭಿಮಾನಿಗಳು ಆ ಎಳೆಯನ್ನೇ ಕೈಬಿಟ್ಟು, ಬಹುಮಟ್ಟಿಗೆ ಎರಡನೆಯದನ್ನೇ ಹಿಡಿದರು.

೪

ಬೋಮರನೂ ಅವನ ಅನುಯಾಯಿಗಳೂ ಮುಂದಿಟ್ಟ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಗಿಡದ ಬಣ್ಣವು ಒಂದೇ ದ್ರವ್ಯವಲ್ಲ. ಬೇರುಬಣ್ಣದಲ್ಲಿ ಅಲಿಝರಿನ್, ಪರ್ಪ್ಯುರಿನ್ ಮೊದಲಾದ ಹಲವು ದ್ರವ್ಯಗಳಿವೆ. ಆದಕಾರಣ ಅದರ ಕೆಂಪಿನಲ್ಲಿ ಹಳದಿಯ ಅಂಶವೂ ನೀಲಿಯ ಅಂಶವೂ ಸೇರಿರುತ್ತವೆ. ಕಾರ್ಖಾನೆಯ ಕೆಂಪು ಕೇವಲ ಕೆಂಪು. ಒಂದು ಬಣ್ಣದಲ್ಲಿ ಉಳಿದ ಬಣ್ಣಗಳ ಛಾಯೆಯಿರುವುದರಿಂದ ಸಸ್ಯವರ್ಣಗಳನ್ನು ಯಾವ ರೀತಿಯಲ್ಲಿ ಪಕ್ಕಪಕ್ಕದಲ್ಲಿರಿಸಿದರೂ ಅವು ಒಂದಕ್ಕೊಂದು ಹೊಂದುತ್ತವೆ.

ಈ ವಾದದ ಪೂರ್ವಾರ್ಧವು ರಾಸಾಯನಿಕ ಸತ್ಯ. ಉತ್ತರಾರ್ಧವು ಅದರಿಂದ ಹೊರಡುವುದಿಲ್ಲ. ಇದಕ್ಕೆ ಮೂರು ಆಕ್ಷೇಪಗಳನ್ನು ಹೇಳಬಹುದು.

ಮೊದಲನೆಯದು, ವರ್ಗದ ಎಲ್ಲೆಯೇ ದೃಢವಾಗಿಲ್ಲ. ಗಿಡದ ನೀಲಿಯಲ್ಲಿ ಬಣ್ಣ ಕೊಡುವ ಮುಖ್ಯ ದ್ರವ್ಯವೂ ಕಾರ್ಖಾನೆಯ ನೀಲಿಯೂ ಒಂದೇ ಅಣುರಚನೆಯವು. ಗಿಡದ್ದರಲ್ಲಿ ಜೊತೆಗೆ ಬೇರೆ ಕೆಲವು ದ್ರವ್ಯಗಳು ಅಲ್ಪ ಪ್ರಮಾಣದಲ್ಲಿರಬಹುದು, ಅಷ್ಟೆ. ಕೆಂಪಿನ ವಿಷಯದಲ್ಲಿ ಹೇಳಿದ ಬಹುದ್ರವ್ಯವಾದವು, ಪ್ರತಿಯೊಂದು ಕಂಬಳಿಯಲ್ಲಿಯೂ ಅರ್ಧ ಭಾರವನ್ನು ಹೊರುವ ನೀಲಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಹದಿನೆಂಟನೆಯ ಶತಮಾನದ ನಡುವೆ ಸ್ಯಾಕ್ಸನಿಯಲ್ಲಿ ಗಿಡದ ನೀಲಿಯನ್ನೇ ಗಂಧಕಾಮ್ಲದಲ್ಲಿ ಕರಗಿಸಿ ಒಂದು ಹೊಸ ನೀಲಿಯನ್ನು ಕಂಡುಹಿಡಿದರು. ಅದು ಬಲುಬೇಗ ಮಾಸುವ ಬಣ್ಣ. ಇದು ಸಸ್ಯವೋ ರಾಸಾಯನಿಕವೋ? ಮತ್ತೆ, ಮೊಗಲರ ಕಾಲದ ಭಾರತೀಯ ರತ್ನಗಂಬಳಿಗಳ ಹೆಸರಾಂತ ಕೆಂಪು ಅರಗಿನದು. ಅರಗು ಕೊಡುವುದು ಕೀಟ, ಗಿಡವಲ್ಲ.

ಎರಡನೆಯದು, ಹಲವು ದ್ರವ್ಯಗಳ ಮಿಶ್ರಣವು ಗಿಡಗಳ ಸ್ವತ್ತಲ್ಲ. ಕಾರ್ಖಾನೆಯ ಮೂರು ಬಣ್ಣಗಳನ್ನು ತಿಳಿದು ಬೆರಸುವವನು ಅಂತಹ ಮಿಶ್ರಚ್ಛಾಯೆಯನ್ನೇ ಪಡೆಯಬಲ್ಲನು. ಕಾರ್ಖಾನೆಯ ಬಣ್ಣದ ಕಂಬಳಿಗಳು ಹಲವು ವೇಳೆ ಒರಟಾಗಿರುವುದು ನಿಜ. ಅದಕ್ಕೆ ಕಾರಣ ಪುಡಿಯನ್ನು ಪೊಟ್ಟಣದಿಂದ ತೆಗೆದಂತೆಯೇ ಬಳಸುವ ಅವಸರ. ದೋಷವು ದ್ರವ್ಯದಲ್ಲಿಲ್ಲ, ವಿವೇಚನೆಯ ಅಭಾವದಲ್ಲಿದೆ.

ಮೂರನೆಯ ಆಕ್ಷೇಪವು ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದುದು. ಯಾವ ಬಣ್ಣವನ್ನು ಯಾವುದರ ಪಕ್ಕದಲ್ಲಿಟ್ಟರೂ ಹೊಂದುವುದಾದರೆ, ನೇಯುವವಳು ಆಯ್ಕೆಮಾಡುವುದರಲ್ಲಿ ಅರ್ಥವಿಲ್ಲ. ಸೋಲು ಅಸಾಧ್ಯವಾದ ಕಡೆ ಗೆಲುವೂ ಅಸಾಧ್ಯ. ದೋಬಾಗಿನ ಸ್ತ್ರೀಯರು ಬರೆದ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೇಯುತ್ತಿರಲಿಲ್ಲ. ತಾಯಿಯಿಂದ ಕಲಿತ ವಿನ್ಯಾಸವನ್ನು ನೆನಪಿನಿಂದಲೇ ಮಗ್ಗದ ಮೇಲೆ ಬಣ್ಣಬಣ್ಣವಾಗಿ ತೀರ್ಮಾನಿಸುತ್ತಿದ್ದರು. ಒಬ್ಬಳು ಅಂಚಿನ ಹಳದಿಯನ್ನು ಎರಡೇ ಸಾಲಿಗೆ ನಿಲ್ಲಿಸಿ ನಡುವಿನ ಕೆಂಪಿಗೆ ಬಲ ಕೊಡುತ್ತಾಳೆ. ಮತ್ತೊಬ್ಬಳು ಅದೇ ನೂಲು, ಅದೇ ವಿನ್ಯಾಸದಿಂದ ಮಂಕಾದ ಕಂಬಳಿಯನ್ನು ನೇಯಬಹುದು. ಹಂಡೆ ಒಂದೇ, ಕಂಬಳಿಗಳು ಎರಡು. ಈ ವ್ಯತ್ಯಾಸವನ್ನು ಹೇಳಲಾರದ ಸಿದ್ಧಾಂತವು ಬಣ್ಣದ ರಸಾಯನಶಾಸ್ತ್ರವಾದೀತೇ ಹೊರತು ಬಣ್ಣದ ವಿಮರ್ಶೆಯಾಗಲಾರದು.

‘ಅಬ್ರಾಶ್’ ಎಂಬುದನ್ನು ಕುರಿತ ಹೊಗಳಿಕೆಯಲ್ಲಿಯೂ ಇದೇ ಗೊಂದಲವಿದೆ. ಒಂದೇ ಬಣ್ಣದ ನೆಲದಲ್ಲಿ ಅಡ್ಡಪಟ್ಟಿಗಳಾಗಿ ಕಾಣುವ ಏರಿಳಿತಕ್ಕೆ ಈ ಹೆಸರು. ಇದನ್ನು ಸಸ್ಯವರ್ಣದ ಲಕ್ಷಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ವಸ್ತುತಃ ಇದಕ್ಕೆ ಕಾರಣಗಳು ಹಲವು. ಕೈಯಿಂದ ನೂತ ನೂಲು ಒಂದು ಕಡೆ ಬಿಗಿಯಾಗಿ ಒಂದು ಕಡೆ ಸಡಿಲವಾಗಿ ಹೊಸೆದಿರುವುದರಿಂದ ಬಣ್ಣವನ್ನು ಒಂದೇ ಸಮನಾಗಿ ಹೀರುವುದಿಲ್ಲ. ಹಂಡೆ ಚಿಕ್ಕದಾದುದರಿಂದ ನೂಲನ್ನು ಹಲವು ಸಲ ಅದ್ದಬೇಕಾಗುತ್ತದೆ. ಒಂದು ಸಲದಂತೆ ಇನ್ನೊಂದು ಸಲವಿರದು. ಈ ಎರಡು ಕಾರಣಗಳೂ ಕಾರ್ಖಾನೆಯ ಬಣ್ಣಕ್ಕೆ ಸಮನಾಗಿ ಅನ್ವಯಿಸುತ್ತವೆ. ಈಚೆಗಂತೂ ಕಾರ್ಖಾನೆಯ ಬಣ್ಣದಲ್ಲಿಯೇ ಬೇಕೆಂದು ಅಬ್ರಾಶನ್ನು ಹುಟ್ಟಿಸಿ ಹಳೆಯದರಂತೆ ಮಾರುವುದುಂಟು.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಆರ್ದಬಿಲಿನ ರತ್ನಗಂಬಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮೇಲೆ ಹಿಜರಿ ೯೪೬, ಎಂದರೆ ಕ್ರಿ.ಶ. ೧೫೩೯–೪೦, ಎಂದು ನೆಯ್ದಿದೆ. ಉದ್ದ ಸುಮಾರು ಹತ್ತೂವರೆ ಮೀಟರು, ಅಗಲ ಐದು ಮೀಟರಿಗೂ ಹೆಚ್ಚು. ೧೮೯೩ರಲ್ಲಿ ಸಂಗ್ರಹಾಲಯವು ಇದನ್ನು ಎರಡು ಸಾವಿರ ಪೌಂಡಿಗೆ ಕೊಂಡುದು ವಿಲಿಯಂ ಮಾರಿಸನ ಶಿಫಾರಸಿನ ಮೇಲೆ. ಇಷ್ಟು ವಿಸ್ತಾರವಾದ ಕೃತಿಯನ್ನು ಹತ್ತೇ ಬಣ್ಣಗಳಲ್ಲಿ ನಿರ್ವಹಿಸಿದ್ದಾರೆ. ನೂಲನ್ನು ತಂಡತಂಡವಾಗಿ ಅದ್ದಿದುದರಿಂದ ಛಾಯೆಯ ವ್ಯತ್ಯಾಸ ಇಲ್ಲಿಯೂ ಉಂಟು. ಆದರೆ ಈ ಕಂಬಳಿಯು ಶ್ರೇಷ್ಠವಾದುದು ಆ ವ್ಯತ್ಯಾಸದಿಂದಲ್ಲ. ಗಾಢನೀಲಿಯ ನೆಲದ ಮೇಲೆ ಬಳ್ಳಿಗಳು ಒಂದರ ಹಿಂದೆ ಒಂದು ಹರಿದಿದ್ದರೂ ಕಣ್ಣು ಯಾವುದನ್ನೂ ಕಳೆದುಕೊಳ್ಳದಂತೆ, ನಡುವಿನ ಹಳದಿಯ ಮಂಡಲವು ಇಡೀ ನೆಲವನ್ನು ಆಳುವಂತೆ, ಹತ್ತು ಬಣ್ಣಗಳಿಗೆ ಹತ್ತು ಕರ್ತವ್ಯಗಳನ್ನು ಹಂಚಿದ ವ್ಯವಸ್ಥೆಯಿಂದ ಅದು ಶ್ರೇಷ್ಠ.

ಕಾಲದಿಂದ ಬರುವ ಮಾಗುವಿಕೆಯ ಮಾತು ಇನ್ನೊಂದು. ಸಸ್ಯವರ್ಣಗಳು ಮಾಗಿ ಇನ್ನಷ್ಟು ಚೆಲುವಾಗುತ್ತವೆಂಬುದು ಎಲ್ಲಕ್ಕೂ ಸಲ್ಲುವ ಮಾತಲ್ಲ. ಯೂರೋಪಿನ ಹಳೆಯ ಚಿತ್ರವಸ್ತ್ರಗಳಲ್ಲಿ ಮರಗಳ ಎಲೆಗಳು ನೀಲಿಯಾಗಿ ಕಾಣುವುದು ಚಿತ್ರಕಾರನ ಕಲ್ಪನೆಯಿಂದಲ್ಲ. ಹಸುರಿನೊಳಗಿನ ಹಳದಿ ಹಾರಿಹೋಗಿ ನೀಲಿ ಮಾತ್ರ ಉಳಿದುದರಿಂದ. ಕಬ್ಬಿಣ ಮತ್ತು ಚೊಗರಿನಿಂದ ಕಪ್ಪಾದ ಉಣ್ಣೆಯು ಕ್ರಮೇಣ ತಿಂದುಹೋಗಿ, ಆ ಭಾಗ ತಗ್ಗಾಗಿ, ಉಳಿದ ಬಣ್ಣಗಳು ಉಬ್ಬಿ ನಿಲ್ಲುತ್ತವೆ. ಇವು ಕಾಲದ ಹೊಡೆತಗಳು, ಕರ್ತೃವಿನ ಉದ್ದೇಶಗಳಲ್ಲ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ಪರ್ಷಿಯದ ಸಾರೂಕ್ ಕಂಬಳಿಗಳನ್ನು ರಾಸಾಯನಿಕ ದ್ರವದಲ್ಲಿ ತೊಳೆದು ತೇಜಸ್ಸನ್ನು ಇಳಿಸಿ, ಕೆಂಪನ್ನು ಕುಂಚದಿಂದ ಮತ್ತೆ ಬಳಿಯುತ್ತಿದ್ದರು. ಮಾಗಿದ ಬಣ್ಣದ ಮೋಹವು ಎಷ್ಟು ದೂರ ಕರೆದೊಯ್ಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೫

ನಮ್ಮ ಅಲಂಕಾರಶಾಸ್ತ್ರದಲ್ಲಿ ಈ ಚರ್ಚೆಗೆ ನೆರವಾಗುವ ಒಂದು ಸಂಗತಿಯಿದೆ. ಸಂಸ್ಕೃತದ ‘ರಾಗ’ ಶಬ್ದವು ಬಣ್ಣವನ್ನೂ ಅನುರಾಗವನ್ನೂ ಒಂದೇ ಧಾತುವಿನಿಂದ ಹೇಳುತ್ತದೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಪೂರ್ವರಾಗವನ್ನು ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗ ಎಂದು ಮೂರಾಗಿ ವಿಂಗಡಿಸುತ್ತಾನೆ. ಅತಿಯಾಗಿ ಹೊಳೆಯದಿದ್ದರೂ ಮನಸ್ಸನ್ನು ಬಿಟ್ಟುಹೋಗದ ಪ್ರೇಮ ಮೊದಲನೆಯದು. ಹೊಳೆದರೂ ಬಿಟ್ಟುಹೋಗುವುದು ಎರಡನೆಯದು. ಹೊಳೆಯುವ, ಬಿಟ್ಟೂ ಹೋಗದ ಪ್ರೇಮ ಮೂರನೆಯದು. ಈ ವಿಂಗಡಣೆಯ ಹಿಂದೆ ಬಣ್ಣಗಾರರ ಅನುಭವವಿದೆ. ಕುಸುಬೆಯ ಹೂವಿನ ಕೆಂಪು ಕಣ್ಸೆಳೆಯುವಂತಹುದು; ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಮಂಜಿಷ್ಠದ ಕೆಂಪು ನಿಲ್ಲುತ್ತದೆ.

ಈ ಮೂರೂ ಸಸ್ಯವರ್ಣಗಳೇ ಎಂಬುದನ್ನು ಗಮನಿಸಬೇಕು. ಅಲಂಕಾರಿಕನಿಗೆ ಅವೆಲ್ಲ ಗಿಡದಿಂದ ಬಂದುವೆಂಬುದು ಹೇಳತಕ್ಕ ಮಾತಾಗಿ ಕಾಣಲಿಲ್ಲ. ಪ್ರತಿಯೊಂದೂ ಹೇಗೆ ಹೊಳೆಯುತ್ತದೆ, ಎಷ್ಟು ನಿಲ್ಲುತ್ತದೆ ಎಂಬುದು ಹೇಳತಕ್ಕ ಮಾತಾಗಿ ಕಂಡಿತು. ವಿಮರ್ಶಕನಿಗೆ ಬೇಕಾದ ದೃಷ್ಟಿ ಇದು. ಕಾರ್ಖಾನೆಯ ಬಣ್ಣಗಳಲ್ಲಿಯೂ ಕುಸುಂಭರಾಗದವು ಉಂಟು, ಮಂಜಿಷ್ಠಾರಾಗದವು ಉಂಟು. ಮೊದಲ ಕಾಲದ ಫುಕ್ಸಿನ್ ಕುಸುಂಭದ ಗುಂಪಿಗೆ ಸೇರಿದುದು. ತರುವಾಯದ ಕ್ರೋಮ್ ಬಣ್ಣಗಳನ್ನು ಹಾಗೆನ್ನಲಾಗದು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಹೇಳಿದ ಔಚಿತ್ಯವನ್ನು ಬಣ್ಣಕ್ಕೂ ಅನ್ವಯಿಸಬಹುದು. ಒಂದು ಬಣ್ಣವು ತಾನಾಗಿ ಸುಂದರವೂ ಅಲ್ಲ, ಕುರೂಪವೂ ಅಲ್ಲ. ತನ್ನ ಸ್ಥಾನದಲ್ಲಿ ಅದು ಉಚಿತವೋ ಅನುಚಿತವೋ ಆಗುತ್ತದೆ.

ಹಾಗಾದರೆ ಸಸ್ಯವರ್ಣಗಳನ್ನೇ ಬಳಸುತ್ತೇವೆಂಬ ನಿಯಮಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ಅದು ವ್ರತದ ಬೆಲೆ. ಕನ್ನಡದಲ್ಲಿ ಇದಕ್ಕೆ ಸಮಾನವಾದ ಉದಾಹರಣೆ ಆಂಡಯ್ಯನ ‘ಕಬ್ಬಿಗರ ಕಾವ’. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ದೇಶ್ಯ ತದ್ಭವಗಳಿಂದಲೇ ಕಾವ್ಯವನ್ನು ಕಟ್ಟುವ ನಿಯಮವನ್ನು ಅವನು ತೊಟ್ಟನು. ಆ ನಿಯಮವು ಭಾಷೆಯ ಅಡಗಿದ ಶಕ್ತಿಯನ್ನು ತೋರಿಸಿತು. ಕವಿಗೆ ಒಂದು ಕಷ್ಟವನ್ನೂ ಆ ಕಷ್ಟದಿಂದ ಒಂದು ಶಿಸ್ತನ್ನೂ ಕೊಟ್ಟಿತು. ಆದರೆ ತತ್ಸಮವಿಲ್ಲದುದರಿಂದಲೇ ಅದು ಸತ್ಕಾವ್ಯವೆಂದು ಯಾವ ಸಹೃದಯನೂ ಹೇಳನು. ತತ್ಸಮ ತುಂಬಿರುವುದರಿಂದ ಪಂಪನ ಕಾವ್ಯವು ಕೀಳೆಂದೂ ಹೇಳನು. ದೋಬಾಗಿನ ನಿಯಮವೂ ಇಂತಹುದೇ. ನಾಲ್ಕಾರು ದ್ರವ್ಯಗಳಲ್ಲಿಯೇ ನಡೆಯಬೇಕೆಂಬ ಕಟ್ಟು ಬಣ್ಣಗಾರನನ್ನು ಎಚ್ಚರಗೊಳಿಸಿತು. ಪುಡಿಯ ಪೊಟ್ಟಣವು ಕಸಿದುಕೊಂಡಿದ್ದ ವಿವೇಚನೆಯನ್ನು ಹಳ್ಳಿಗೆ ಹಿಂದಿರುಗಿಸಿತು. ಆ ಕಾರ್ಯದ ನಿಜವಾದ ಸಾಧನೆ ಇದು. ಅದನ್ನು ಗಿಡದ ಮಹಿಮೆಯೆಂದು ಹೊಗಳುವವರು ಹೊಗಳುತ್ತಲೇ ಅದನ್ನು ಕಿರಿದುಮಾಡುತ್ತಾರೆ.

ಆರೋಗ್ಯ ಮತ್ತು ಪರಿಸರದ ಪ್ರಶ್ನೆಯನ್ನು ಇದರೊಡನೆ ಬೆರಸಬಾರದು. ಕೆಲವು ಅಜೋ ಬಣ್ಣಗಳನ್ನು ೧೯೯೪ರಲ್ಲಿ ಜರ್ಮನಿಯೂ ೧೯೯೭ರಲ್ಲಿ ಭಾರತವೂ ನಿಷೇಧಿಸಿದುದು ಯೋಗ್ಯವಾದ ಕಾರಣದಿಂದಲೇ. ಆದರೆ ಗಿಡದ ಬಣ್ಣವನ್ನು ಕಟ್ಟಲು ಬಳಸುವುದುಂಟಾದ ಕ್ರೋಮಿಯಂ ಲವಣವೂ ವಿಷವೇ. ದ್ರವ್ಯವು ನಿರಪಾಯವೇ ಎಂಬುದು ಒಂದು ಪ್ರಶ್ನೆ. ಕೃತಿಯು ಸುಂದರವೇ ಎಂಬುದು ಮತ್ತೊಂದು. ಎರಡೂ ಮುಖ್ಯವಾದುವು, ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಸಲ್ಲದು.

೬

ಈ ವಿಚಾರದಿಂದ ನಮ್ಮ ನಾಡಿನ ನೆಯ್ಗೆಯನ್ನು ನೋಡುವ ದೃಷ್ಟಿಗೆ ಆಗುವ ಪ್ರಯೋಜನವನ್ನು ಸೂಚಿಸಿ ಮುಗಿಸಬಹುದು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಸ್ತ್ರೀಯರು ನೇಯುವ ಜಮಖಾನೆಯು ಹತ್ತಿಯದು. ನೂಲಿನ ಬಣ್ಣವು ಕಾರ್ಖಾನೆಯದು. ಸಸ್ಯವರ್ಣದ ಮಾನದಂಡವನ್ನು ಹಿಡಿದವನು ಇದನ್ನು ಬಿಡಿಸಿ ನೋಡುವುದಕ್ಕೆ ಮೊದಲೇ ಬದಿಗೆ ಸರಿಸುತ್ತಾನೆ. ಆದರೆ ಅದರ ರಚನೆಯನ್ನು ಗಮನಿಸಬೇಕು. ರತ್ನಗಂಬಳಿಯಲ್ಲಿ ಗಂಟಿನ ಕುಚ್ಚುಗಳು ಎದ್ದುನಿಂತಿರುವುದರಿಂದ, ನೋಡುವ ದಿಕ್ಕು ಬದಲಾದಂತೆ ಬಣ್ಣವೂ ಬೆಳಗುತ್ತದೆ, ಕಪ್ಪಿಡುತ್ತದೆ. ಅಂತಹ ನೆಲದಲ್ಲಿ ಛಾಯೆಯ ಏರಿಳಿತವು ಉಚಿತವಾಗಿ ಕಾಣುತ್ತದೆ. ಜಮಖಾನೆಯಲ್ಲಿ ಕುಚ್ಚಿಲ್ಲ; ಹೊಕ್ಕಿನ ನೂಲು ಹಾಸನ್ನು ಪೂರ್ತಿಯಾಗಿ ಮುಚ್ಚಿ ಸಮತಲವಾದ ಮೈಯನ್ನು ಕೊಡುತ್ತದೆ. ನವಿಲು, ಪಗಡೆಯ ಹಾಸು ಮೊದಲಾದ ಆಕೃತಿಗಳು ಮೆಟ್ಟಿಲುಮೆಟ್ಟಿಲಾದ ಅಂಚುಗಳಿಂದ ಮೂಡುತ್ತವೆ. ನೆರಳಿನ ಸಹಾಯವಿಲ್ಲದ ಇಲ್ಲಿ ಆಕೃತಿಯನ್ನು ಹೊರುವುದು ಬಣ್ಣಬಣ್ಣಗಳ ನಡುವಿನ ತೀಕ್ಷ್ಣವಾದ ಭೇದವೊಂದೇ. ಸಮನಾದ, ದಿಟ್ಟವಾದ ಬಣ್ಣ ಇಲ್ಲಿ ಉಚಿತ. ಅಬ್ರಾಶ್ ಇಲ್ಲಿ ಆಕೃತಿಯನ್ನು ಕದಡುವ ದೋಷವಾಗಬಹುದು. ಒಂದು ಜಮಖಾನೆಯಲ್ಲಿ ಬಣ್ಣ ಬಿಡುವ ನೂಲನ್ನು ಬಳಸಿದ್ದರೆ ಅದನ್ನು ದೋಷವೆಂದೇ ಹೇಳಬೇಕು. ಆದರೆ ಬಣ್ಣವು ಕಾರ್ಖಾನೆಯದೆಂಬುದು ದೋಷವಲ್ಲ.

ಇದಕ್ಕೆ ಎದುರಾಗಿ ಕುರುಬರ ಕರಿಯ ಕಂಬಳಿಯನ್ನಿಟ್ಟು ನೋಡಬಹುದು. ಅಲ್ಲಿ ಗಿಡದ ಬಣ್ಣವೂ ಇಲ್ಲ, ಕಾರ್ಖಾನೆಯ ಬಣ್ಣವೂ ಇಲ್ಲ. ದಖನ್ನಿನ ಕುರಿಯ ಮೈಬಣ್ಣವೇ ಬಣ್ಣ. ಕಪ್ಪು, ಕಂದು, ಬಿಳಿಯ ಉಣ್ಣೆಯನ್ನು ಬೇರೆಬೇರೆಯಾಗಿ ಆರಿಸಿ, ನೂತು, ಹಾಸಿಗೆ ಹುಣಿಸೆಬೀಜದ ಸರಿಯನ್ನು ಹಚ್ಚಿ ನೇಯುತ್ತಾರೆ. ಬಣ್ಣಗಟ್ಟುವ ಕೆಲಸವೇ ಇಲ್ಲದ ಕಡೆಯಲ್ಲಿಯೂ ವರ್ಣವಿವೇಚನೆ ಇದ್ದೇ ಇದೆ; ಅದು ಹಂಡೆಯ ಮುಂದಲ್ಲದೆ ಉಣ್ಣೆಯ ರಾಶಿಯ ಮುಂದೆ ನಡೆಯುತ್ತದೆ.

ಈ ಮೂರು ನೆಯ್ಗೆಗಳನ್ನು ಒಂದೇ ಮಾನದಂಡದಿಂದ ಅಳೆಯಲು ಬರುವುದಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಮಾತ್ರ ಕೇಳಬಹುದು. ಇಲ್ಲಿ ಬಣ್ಣಕ್ಕೆ ಕೊಟ್ಟಿರುವ ಕೆಲಸ ಯಾವುದು? ಆ ಕೆಲಸಕ್ಕೆ ಈ ಬಣ್ಣವು ತಕ್ಕುದೇ? ನಮಗೆ ಕಾಣುವ ಗುಣದಲ್ಲಿ ದ್ರವ್ಯದ ಪಾಲೆಷ್ಟು, ನೂಲಿನ ಪಾಲೆಷ್ಟು, ಬಣ್ಣಗಾರನ ಮತ್ತು ನೇಯುವವಳ ಪಾಲೆಷ್ಟು, ಕಾಲದ ಪಾಲೆಷ್ಟು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ರಸಾಯನಶಾಸ್ತ್ರದ ನೆರವು ಬೇಕೇ ಬೇಕು. ಬೋಮರನ ಸಂಶೋಧನೆಯಿಲ್ಲದಿದ್ದರೆ ಮೇಲಿನ ಎಷ್ಟೋ ಮಾತುಗಳನ್ನು ನಿಶ್ಚಯವಾಗಿ ಹೇಳಲಾಗುತ್ತಿರಲಿಲ್ಲ. ಆದರೆ ಆ ನೆರವು ವಿಮರ್ಶೆಗೆ ಸಾಮಗ್ರಿಯಾಗಬೇಕು, ತೀರ್ಪಾಗಬಾರದು. ಕಂಬಳಿಯ ಜೊತೆಗೆ ಬರುವ ಚೀಟಿಯು ನೂಲನ್ನು ಯಾವುದರಲ್ಲಿ ಅದ್ದಿದರೆಂದು ಹೇಳುತ್ತದೆ. ಅದನ್ನು ಓದಿದ ಮೇಲೆ ಕಂಬಳಿಯನ್ನು ಹಾಸಿ ನೋಡುವ ಕೆಲಸ ಉಳಿದೇ ಇರುತ್ತದೆ.